ಕೊಂಡಪ್ಪನ ಕೈಗುಣ

ಕೊಂಡಪ್ಪನಷ್ಟು ಗಲಿಬಿಲಿಗೊಂಡ ಮನುಷ್ಯನನ್ನು ನನ್ನ ಜೀವಮಾನದಲ್ಲಿ ನೋಡಿಲ್ಲ. ಆ ಗಲಿಬಿಲಿಗೆ ಅರ್ಧ ಕಾರಣ ನಾನೇ ಎಂಬುದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಅರ್ಧ ಎಂದದ್ದು ಹೆಚ್ಚಾಯಿತು, ಮೂರರಲ್ಲಿ ಒಂದು ಪಾಲು. ಉಳಿದೆರಡು ಪಾಲಿನವರು ಕೋಲಾರದಲ್ಲೂ ಶ್ರೀನಿವಾಸಪುರದಲ್ಲೂ ಗಟ್ಟಿಮುಟ್ಟಾಗಿದ್ದಾರೆ. ಇದನ್ನು ಓದಿ ಜಗಳಕ್ಕೆ ಬರುವುದಾದರೆ ಬರಲಿ, ಮಾಲೂರಿನಲ್ಲಿ ಈ ಅಪ್ಪಾಜಪ್ಪನ ಹಿಟ್ಟಿನ ಮಿಲ್ಲು ಎಲ್ಲಿದೆ ಎಂದರೆ ಯಾರಾದರೂ ತೋರಿಸುತ್ತಾರೆ.

ಕೊಂಡಪ್ಪ ಮುಳಬಾಗಿಲು ತಾಲ್ಲೂಕಿನಲ್ಲಿ ಸಿಡುಬಿಗೆ ದಾಕು ಹಾಕುವ ಸರ್ಕಾರಿ ನೌಕರ. ತೆಳ್ಳಗಿನ ಆಳು, ಖಾಕಿ ಕೋಟು, ಬಿಳಿ ರುಮಾಲು. ಹುಟ್ಟಿನಿಂದಲೇ ಎಡಗಾಲು ಬಲಗಾಲಿಗಿಂತ ಎರಡು ಅಂಗುಲ ಚಿಕ್ಕದು. ಎರಡು ಮೈಲಿ ನಡೆದರೆ ಮಂಡಿ ಊದಿಕೊಳ್ಳುತ್ತಿತ್ತು, ಸೈಕಲ್ಲಿನ ಪೆಡಲು ಸರಿಯಾಗಿ ಎಟುಕುತ್ತಿರಲಿಲ್ಲ. ಅವನ ಕೆಲಸವೋ ಹಳ್ಳಿಯಿಂದ ಹಳ್ಳಿಗೆ ತಿರುಗುವುದು. ಗಾಜಿನ ಕೊಳವೆಯಲ್ಲಿ ತಂಪಾಗಿಟ್ಟು ತಂದ ಮದ್ದನ್ನು ಮಕ್ಕಳ ತೋಳಿಗೆ ಸವರಿ ಎರಡು ಕಡೆ ಚರ್ಮ ಗೀರಬೇಕು, ಎಂಟನೆಯ ದಿನ ಮತ್ತೆ ಹೋಗಿ ಗೀರಿದ ಜಾಗದಲ್ಲಿ ಗುಳ್ಳೆ ಎದ್ದಿದೆಯೇ ಎಂದು ನೋಡಬೇಕು. ಎದ್ದರೆ ಆ ಮಗುವಿಗೆ ಸಿಡುಬಿನ ಭಯವಿಲ್ಲ. ಏಳದಿದ್ದರೆ ಹಾಕಿದ್ದು ಹಾಕದಂತೆಯೇ.

ಹಳ್ಳಿಯವರು ಇದನ್ನೆಲ್ಲ ಮದ್ದಿನ ಗುಣ ಎಂದು ಒಪ್ಪುತ್ತಿರಲಿಲ್ಲ. ಎದ್ದರೆ ಹಾಕಿದವನ ಕೈಗುಣ ಒಳ್ಳೆಯದು, ಏಳದಿದ್ದರೆ ಕೆಟ್ಟದ್ದು, ಅಷ್ಟೇ ಲೆಕ್ಕ. ಬೇರೆ ದಾಕಿನವರು ಊರೊಳಗೆ ಕಾಲಿಟ್ಟರೆ ತಾಯಂದಿರು ಮಕ್ಕಳನ್ನು ರಾಗಿಯ ಕಣಜದಲ್ಲಿ ಇಳಿಬಿಟ್ಟು ಮುಚ್ಚುತ್ತಿದ್ದರು. ನನ್ನ ತಾಯಿ ಎಲ್ಲಮ್ಮನೂ ಹಾಗೆಯೇ ಮಾಡಿದ್ದಳು, ಒಂದು ಸಲವಲ್ಲ ಮೂರು ಸಲ. ಹಾಗಾಗಿ ಮೂವತ್ತಾರು ವರ್ಷವಾದರೂ ನನ್ನ ತೋಳಿನ ಮೇಲೆ ಒಂದು ಗೀರೂ ಇರಲಿಲ್ಲ. ಕೊಂಡಪ್ಪ ಕೇಳಿದಾಗ ಚಿಕ್ಕಂದಿನಲ್ಲೇ ಆಗಿದೆ ಎಂದು ಸುಳ್ಳು ಹೇಳಿದ್ದೆ. ಚರ್ಮ ಗೀರುವ ಆ ಮುಳ್ಳಿನ ಸಲಕರಣೆ ಕಂಡರೆ ಈಗಲೂ ಮುಖ ತಿರುಗಿಸುತ್ತೇನೆ.

ಆದರೆ ಆವನಿ ಕಡೆಯ ಹಳ್ಳಿಗಳಲ್ಲಿ ಕೊಂಡಪ್ಪ ಬಂದನೆಂದರೆ ತಾಯಂದಿರೇ ಮಕ್ಕಳನ್ನು ಕರೆತರುತ್ತಿದ್ದರು. ಅವನದೊಂದು ಪದ್ಧತಿಯಿತ್ತು. ಮಗುವನ್ನು ಎದುರಿಗೆ ಕೂರಿಸಿಕೊಂಡು, ನಿಮ್ಮನೆ ಕರುವಿನ ಹೆಸರೇನು ಎಂದು ಕೇಳುವನು. ಮಗು ಯೋಚಿಸಿ ಬಾಯಿ ತೆರೆಯುವಷ್ಟರಲ್ಲಿ ಗೀರಿ ಮುಗಿದಿರುತ್ತಿತ್ತು. ನೂರಕ್ಕೆ ತೊಂಬತ್ತು ಏಳುತ್ತಿದ್ದವು.

ಮೂವತ್ತೇಳನೆಯ ಇಸವಿಯಲ್ಲಿ ಅವನಿಗೆ ಫಟ್‌ಫಟಿ ಬಂತು. ಶ್ರೀನಿವಾಸಪುರದ ಮಾವಿನ ವ್ಯಾಪಾರಿ ಗೌಸ್ ಮೊಹಿದ್ದೀನ್ ಸಾಹೇಬರು ಹೊಸ ಮೋಟಾರ್ ಸೈಕಲ್ಲು ತಂದಾಗ, ಚಿನ್ನದ ಗಣಿಯ ದೊರೆಯೊಬ್ಬ ಬಿಟ್ಟುಹೋಗಿದ್ದ ತಮ್ಮ ಹಳೆಯ ಗಾಡಿಯನ್ನು ಕೊಂಡಪ್ಪನಿಗೆ ಕೊಟ್ಟರು. ಅವರ ಮಕ್ಕಳಿಗೆಲ್ಲ ದಾಕು ಹಾಕಿದ್ದವನು ಕೊಂಡಪ್ಪನೇ. ಒದ್ದು ಚಾಲೂ ಮಾಡಲು ಬಲಗಾಲು ಸಾಕು, ಎಡಗಾಲಿಗೆ ಕೆಲಸವೇ ಇಲ್ಲ, ಗೇರು ಕೂಡ ಕೈಯಲ್ಲೇ. ದೇವರು ಇವನಿಗಾಗಿಯೇ ಮಾಡಿಸಿಟ್ಟ ಗಾಡಿ ಎಂದು ನಾವೆಲ್ಲ ಅಂದುಕೊಂಡೆವು.

ನಾವೆಲ್ಲ ಎಂದರೆ ಮೂವರು. ಸಾಹೇಬರು, ನಾನು, ಕೋಲಾರದ ಬಸ್ ಕಂಪನಿಯೊಂದರಲ್ಲಿ ಮೇಸ್ತ್ರಿಯಾಗಿದ್ದ ದೊಡ್ಡಮುನಿಯಪ್ಪ. ಕೊಂಡಪ್ಪ ಸೇರಿ ನಾಲ್ಕು ಫಟ್‌ಫಟಿಗಳು. ತಿಂಗಳಿಗೊಂದು ಭಾನುವಾರ ಕೋಲಾರದ ಬಸ್ ಸ್ಟ್ಯಾಂಡಿನ ಪಕ್ಕದ ಹುಣಸೆಮರದಡಿ ಸೇರುತ್ತಿದ್ದೆವು. ಅಲ್ಲಿಂದ ಒಟ್ಟಿಗೆ ಯಲ್ದೂರಿಗೋ ಆವನಿಗೋ ಒಂದು ಸುತ್ತು ಹೊರಡುವುದು, ದಾರಿಯಲ್ಲಿ ಯಾರದಾದರೂ ಕೆಟ್ಟರೆ ಎಲ್ಲರೂ ನಿಂತು ರಿಪೇರಿ ಮಾಡುವುದು. ಮೇಸ್ತ್ರಿಯ ಮನೆಯಲ್ಲಿ ಒಂದು ತಗಡಿನ ಪೆಟ್ಟಿಗೆಯಿತ್ತು. ಹಳೆಯ ಪ್ಲಗ್ಗು, ಚೈನಿನ ಕೊಂಡಿ, ವಾಲ್ವಿನ ಸ್ಪ್ರಿಂಗು ಎಲ್ಲ ಅದರಲ್ಲಿ. ಬೇಕಾದವರು ತೆಗೆದುಕೊಳ್ಳಬೇಕು, ಸಿಕ್ಕಾಗ ತಂದು ಹಾಕಬೇಕು. ಬುದ್ಧಿವಾದಕ್ಕಂತೂ ಪೆಟ್ಟಿಗೆಯೇ ಬೇಕಿರಲಿಲ್ಲ, ಕೇಳದಿದ್ದರೂ ಕೊಡುತ್ತಿದ್ದೆವು. ಕೊಂಡಪ್ಪ ಪಾಪ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ.

ನಮ್ಮಲ್ಲಿ ಒಂದು ಕಟ್ಟಳೆಯೂ ಇತ್ತು. ಒಮ್ಮೆ ನಂಗಲಿ ರಸ್ತೆಯಲ್ಲಿ ಸಾಹೇಬರ ಗಾಡಿಯ ಚೈನು ಹರಿದು, ಅವರು ಗಾಡಿಯನ್ನು ಅಲ್ಲೇ ಬಿಟ್ಟು ನೀರು ಹುಡುಕಿಕೊಂಡು ಹೋಗಿದ್ದರು. ಬಂದು ನೋಡಿದರೆ ಚೈನು ಕೂಡಿಸಿತ್ತು. ಮಾಡಿದವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಸಾಹೇಬರಿಗೆ ಅದು ಎಷ್ಟು ನಾಟಿತೆಂದರೆ, ಮುಂದಿನ ಭಾನುವಾರವೇ ನಮ್ಮಿಂದ ಮಾತು ತೆಗೆದುಕೊಂಡರು. ನಮ್ಮವರ ಗಾಡಿ ಒಂಟಿಯಾಗಿ ನಿಂತದ್ದು ಕಂಡರೆ ಸುಮ್ಮನೆ ದಾಟಿ ಹೋಗಬಾರದು, ಕೂತು ನೋಡಿ, ಕೊರತೆ ಕಂಡರೆ ಸರಿಮಾಡಿ ಹೋಗಬೇಕು. ಮಾಡಿದ್ದನ್ನು ಮಾತ್ರ ಯಾರಿಗೂ ಹೇಳಬಾರದು. ಎಷ್ಟು ಚೆನ್ನಾದ ಕಟ್ಟಳೆ ಎಂದು ನಾವು ಮೂವರೂ ಹೆಮ್ಮೆಪಟ್ಟೆವು.

ಕೊಂಡಪ್ಪ ಪ್ರತಿ ಮಂಗಳವಾರ ಮದ್ದು ತರಲು ಕೋಲಾರಕ್ಕೆ ಬರುತ್ತಿದ್ದ. ಗಾಡಿಯನ್ನು ಹುಣಸೆಮರದಡಿ ನಿಲ್ಲಿಸಿ ಆಫೀಸಿಗೆ ಹೋದರೆ ಮಧ್ಯಾಹ್ನದವರೆಗೆ ಬರುವುದಿಲ್ಲ. ನಾನೂ ಮಿಲ್ಲಿನ ಕೆಲಸಕ್ಕೆ ಮಂಗಳವಾರವೇ ಬರುವವನು. ಒಂದು ಸಲ ಕಟ್ಟಳೆಯಂತೆ ಕೂತು ನೋಡಿದೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದು ತೀರ ಬಿಗಿಯಾಗಿತ್ತು. ಅಷ್ಟು ಬಿಗಿಯಿದ್ದರೆ ಎಂಜಿನ್ನು ಉಸಿರಾಡುವುದು ಹೇಗೆ? ಅರ್ಧ ಸುತ್ತು ಸಡಿಲಿಸಿ, ನನ್ನ ಗುರುತಿಗೆ ಸುಣ್ಣದ ಚುಕ್ಕೆಯಿಟ್ಟು ಹೊರಟೆ. ಮುಂದಿನ ಮಂಗಳವಾರ ನೋಡಿದರೆ ಚುಕ್ಕೆ ಬೇರೆ ಕಡೆ ತಿರುಗಿತ್ತು. ರಸ್ತೆಯ ಕುಲುಕಾಟಕ್ಕೆ ತಿರುಗಿದೆ ಎಂದುಕೊಂಡು ಮತ್ತೆ ಸರಿಮಾಡಿದೆ. ಭಾನುವಾರ ಕೊಂಡಪ್ಪನಿಗೆ, ಕಲ್ಲುದಾರಿಯಲ್ಲಿ ನಿಧಾನ ಹೋಗಪ್ಪ ಎಂದು ಬುದ್ಧಿ ಹೇಳಿದೆ. ಸಾಹೇಬರು ಬಿಸಿಲಿಗೆ ಲೋಹ ಹಿಗ್ಗುತ್ತದೆ, ಒದ್ದೆ ಬಟ್ಟೆ ಸುತ್ತು ಎಂದರು. ಮೇಸ್ತ್ರಿ ಪೆಟ್ರೋಲಿನಲ್ಲಿ ನೀರಿದೆ, ಸೋಸಿ ಹಾಕು ಎಂದ. ಕೊಂಡಪ್ಪ ಮೂರನ್ನೂ ಬರೆದುಕೊಂಡ, ಮೂರನ್ನೂ ಮಾಡಿದ.

ಆ ವರ್ಷವಿಡೀ ಅವನ ಗಾಡಿಗೆ ಏನಾಗಿದೆ ಎಂದು ನಮಗೆ ತಿಳಿಯಲೇ ಇಲ್ಲ. ಹಳ್ಳಿಗಳ ನಡುವಿನ ಸಣ್ಣ ದಾರಿಯಲ್ಲಿ ಹೇಗೋ ಓಡುವ ಗಾಡಿ ಮಂಗಳವಾರ ಮಧ್ಯಾಹ್ನದ ಬಿಸಿಲಲ್ಲಿ ಮುಳಬಾಗಿಲಿನ ದಾರಿಯಲ್ಲಿ ನಾಲ್ಕು ಸಲ ನಿಲ್ಲುವುದು. ಪ್ಲಗ್ಗು ಬದಲಾಯಿಸಿದೆವು, ಕಿಡಿ ಕೊಡುವ ಮ್ಯಾಗ್ನೆಟೋ ಬಿಚ್ಚಿದೆವು. ವಿಚಿತ್ರವೆಂದರೆ ಭಾನುವಾರ ಮರದಡಿ ನಮ್ಮಲ್ಲಿ ಯಾರು ಒದ್ದರೂ ಅದು ಗುಡುಗುಟ್ಟಿ ಎದ್ದೇಳುತ್ತಿತ್ತು. ಕೊಂಡಪ್ಪ ಒದ್ದರೆ ಕೆಮ್ಮಿ ಸುಮ್ಮನಾಗುತ್ತಿತ್ತು.

ಒಂದು ಭಾನುವಾರ ಅವನು ತನ್ನ ಅಂಗೈಯನ್ನೇ ನೋಡುತ್ತ ಕೇಳಿದ. "ನಿಮ್ಮ ಕೈಗೆ ಸ್ಟಾರ್ಟ್ ಆಗ್ತದೆ, ಸಾಹೇಬ್ರ ಕೈಗೆ ಆಗ್ತದೆ, ಮೇಸ್ತ್ರಿ ಕೈಗೆ ಆಗ್ತದೆ. ನನ್ನ ಕೈಗೇ ಆಗಲ್ಲ ಅಂದ್ರೆ ಏನಣ್ಣಾ ಅರ್ಥ?"

ನಾನು ನಕ್ಕುಬಿಟ್ಟೆ. ಗಾಡಿಗೂ ಕೈಗೂ ಏನಯ್ಯ ಸಂಬಂಧ ಎಂದು ಬೈದೆ. ಅವನು ನಗಲಿಲ್ಲ. ಅವನ ತಲೆಯೊಳಗೆ ಏನು ಓಡುತ್ತಿದೆ ಎಂದು ತಿಳಿಯುವಷ್ಟು ಸೂಕ್ಷ್ಮ ನನ್ನಲ್ಲಿ ಇರಲಿಲ್ಲ.

ಅದು ನನಗೆ ಗೊತ್ತಾದದ್ದು ಮೂವತ್ತೆಂಟರ ಬೇಸಿಗೆಯಲ್ಲಿ, ಅವನ ಹೆಂಡತಿ ಅಶ್ವತ್ಥಮ್ಮನಿಂದ. ಮುಳಬಾಗಿಲಿಗೆ ಯಾವುದೋ ಕೆಲಸಕ್ಕೆ ಹೋದವನು ಅವರ ಮನೆಗೆ ಹೋಗಿದ್ದೆ. ಕೊಂಡಪ್ಪ ಇರಲಿಲ್ಲ. ಆರು ತಿಂಗಳ ಮಗಳು ಅನಸೂಯ ಚಾಪೆಯ ಮೇಲೆ ಬೋರಲು ಬಿದ್ದು ತನ್ನ ಹೆಬ್ಬೆರಳನ್ನು ತಿನ್ನುತ್ತಿದ್ದಳು. ಅಶ್ವತ್ಥಮ್ಮ ಮಜ್ಜಿಗೆ ಕೊಟ್ಟು ಬಾಗಿಲ ಬಳಿ ನಿಂತು ಎಲ್ಲವನ್ನೂ ಹೇಳಿದಳು. ಆವನಿ ಪಕ್ಕದ ಒಂದು ಹಳ್ಳಿಯಲ್ಲಿ ಕೊಂಡಪ್ಪ ಮೂವತ್ತು ಮಕ್ಕಳಿಗೆ ಹಾಕಿದ್ದ, ನಾಲ್ಕಕ್ಕೆ ಮಾತ್ರ ಎದ್ದಿತ್ತು. ಬೇರೆ ಹಳ್ಳಿಗಳಲ್ಲೂ ಹಾಗೇ. ಕೊಂಡಪ್ಪನ ಕೈ ಕೆಟ್ಟಿತು ಎಂದು ಜನ ಆಡಿಕೊಳ್ಳುತ್ತಿದ್ದಾರೆ. ಆಡಿಕೊಳ್ಳುವುದಿರಲಿ, ಇವನೇ ನಂಬಿಬಿಟ್ಟಿದ್ದಾನೆ.

"ಊರ ಮಕ್ಕಳಿಗೆಲ್ಲ ಹಾಕ್ತಾರಣ್ಣಾ, ನಮ್ಮ ಮಗೀಗೆ ಮಾತ್ರ ಹಾಕಲ್ಲ," ಎಂದಳು. "ಮಿಷಿನ್ನೇ ನನ್ನ ಕೈ ಒಪ್ಪಲ್ಲ, ಮಗು ಮೈ ಒಪ್ತದಾ ಅಂತಾರೆ. ಬೇರೆಯೋರ ಕೈಲಿ ಹಾಕ್ಸಿ ಅಂದ್ರೆ ಅದಕ್ಕೂ ಹೂಂ ಅನ್ನಲ್ಲ."

ಹೂಂ ಅನ್ನದಿರುವುದಕ್ಕೆ ಕಾರಣವಿತ್ತು. ದಾಕಿನ ಕೊಂಡಪ್ಪ ತನ್ನ ಮಗಳಿಗೆ ಪರರ ಕೈಯಲ್ಲಿ ಹಾಕಿಸಿದನೆಂದು ಸುದ್ದಿಯಾದರೆ ಮರುದಿನ ತಾಲ್ಲೂಕಿನ ಮಕ್ಕಳೆಲ್ಲ ಕಣಜದೊಳಗಿರುತ್ತಿದ್ದರು. ತಾನು ಹಾಕಿ ಏಳದಿದ್ದರೆ ಮಗಳಿಗೆ ಗಂಡಾಂತರ, ಹಾಕಿಸದಿದ್ದರೂ ಗಂಡಾಂತರ. ಹೀಗೆ ಅತ್ತಿತ್ತ ಹೊಯ್ದಾಡುತ್ತ ಆರು ತಿಂಗಳು ಕಳೆದುಬಿಟ್ಟಿದ್ದ. ನಾನು ಆ ಮಜ್ಜಿಗೆಯನ್ನು ಹೇಗೆ ಕುಡಿದೆನೋ ಗೊತ್ತಿಲ್ಲ. ಗಾಡಿಗೂ ಗುಳ್ಳೆ ಏಳದಿರುವುದಕ್ಕೂ ಏನು ಸಂಬಂಧ ಎಂದು ದಾರಿಯುದ್ದಕ್ಕೂ ಯೋಚಿಸಿದೆ, ಹೊಳೆಯಲಿಲ್ಲ.

ಅದಾದ ಎರಡನೆಯ ಮಂಗಳವಾರ, ಆವನಿ ಪಕ್ಕದ ಅದೇ ಹಳ್ಳಿಯ ಎರಡು ಮನೆಗಳಿಗೆ ಸಿಡುಬು ಬಂದಿದೆ ಎಂಬ ಸುದ್ದಿ ಕೋಲಾರ ಮುಟ್ಟಿತು. ಗುಳ್ಳೆ ಏಳದೆ ಉಳಿದ ಇಪ್ಪತ್ತಾರು ಮಕ್ಕಳೂ ಅದೇ ಹಳ್ಳಿಯವರು. ಬೆಂಗಳೂರಿನಿಂದ ಹೊಸ ಮದ್ದು ಬಂದಿತ್ತು, ಕೊಂಡಪ್ಪ ಅದನ್ನು ಅಂದೇ ಒಯ್ಯಬೇಕಿತ್ತು. ನಾನು ಬಂದಾಗ ಅವನಿನ್ನೂ ಆಫೀಸಿನಲ್ಲಿದ್ದ. ಗಾಡಿ ಮರದಡಿಯಿತ್ತು. ಇವತ್ತಾದರೂ ಇವನ ಗಾಡಿ ನಿಲ್ಲದೆ ಓಡಲಿ ದೇವರೇ ಎಂದು ಕೂತು ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿ, ಎದುರಿನ ಕಾಫಿ ಹೋಟೆಲಿಗೆ ಹೋಗಿ ಕೂತೆ.

ಕಾಫಿ ಬರುವಷ್ಟರಲ್ಲಿ, ಮಂಗಳವಾರದ ಮಂಡಿ ವ್ಯಾಪಾರಕ್ಕೆ ಊರಿಗೆ ಬಂದಿದ್ದ ಗೌಸ್ ಸಾಹೇಬರು ಬಂದರು. ಅತ್ತಿತ್ತ ನೋಡಿ, ಕೊಂಡಪ್ಪನ ಗಾಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಶೇರ್ವಾನಿಯ ಜೇಬಿನಿಂದ ಸ್ಕ್ರೂಡ್ರೈವರು ತೆಗೆದರು. ಚೈನು ನೋಡುತ್ತಿದ್ದಾರೆ ಎಂದುಕೊಂಡೆ. ಅಲ್ಲ, ಕೈ ಕಾರ್ಬುರೇಟರಿಗೇ ಹೋಯಿತು. ತಿರುಗಿಸಿದರು, ಕಿವಿಯಿಟ್ಟು ಏನೋ ಕೇಳುವವರಂತೆ ತಲೆಯಾಡಿಸಿ, ಎದ್ದು ಹೋದರು. ನನಗೆ ರೋಷ ಉಕ್ಕಿತು. ನಾನು ಸರಿಮಾಡಿದ್ದನ್ನು ಕೆಡಿಸಲು ಈ ಮಾವಿನಹಣ್ಣಿನವರು ಯಾರು? ಎದ್ದು ಬಾಗಿಲಿಗೆ ಬಂದೆ. ಅಷ್ಟರಲ್ಲಿ ದೊಡ್ಡಮುನಿಯಪ್ಪ ಕೈಯ ಗ್ರೀಸನ್ನು ಚಡ್ಡಿಗೆ ಒರೆಸಿಕೊಳ್ಳುತ್ತ ಬಂದು, ಅದೇ ಜಾಗದಲ್ಲಿ ಕೂತು, ಅದೇ ಸ್ಕ್ರೂವನ್ನು ತಿರುಗಿಸಿದ.

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಒಂದು ವರ್ಷದಿಂದ ಪ್ರತಿ ಮಂಗಳವಾರ ಮೂವರೂ ಒಬ್ಬರ ಹಿಂದೆ ಒಬ್ಬರು ಬಂದು, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕೆಡಿಸಿ, ಹೇಳಬಾರದೆಂಬ ಕಟ್ಟಳೆಗೆ ಕಟ್ಟುಬಿದ್ದು ಬಾಯಿ ಮುಚ್ಚಿಕೊಂಡಿದ್ದೆವು. ನಮ್ಮ ಕೈಗೆ ಎದ್ದೇಳುತ್ತಿತ್ತು ಏಕೆಂದರೆ ಒದೆಯುವ ಮೊದಲು ನಾವು ನಮ್ಮ ನಮ್ಮ ಅಳತೆಗೆ ತಿರುಗಿಸಿಕೊಳ್ಳುತ್ತಿದ್ದೆವು. ಕೊಂಡಪ್ಪನೊಬ್ಬನೇ ಸ್ಕ್ರೂ ಮುಟ್ಟದವನು, ಹಿರಿಯರು ಸರಿಮಾಡಿದ್ದೇ ಸರಿ ಎಂದು ನಂಬಿದವನು. ಗಾಡಿ ದಾರಿಯಲ್ಲಿ ನಿಂತು ನಿಂತು ಹೋಗುವಷ್ಟರಲ್ಲಿ ಬಿಸಿಲಿಗೆ ಮದ್ದು ಸತ್ತುಹೋಗುತ್ತಿತ್ತು. ಸತ್ತ ಮದ್ದು ಹಾಕಿದರೆ ಗುಳ್ಳೆ ಎಲ್ಲಿಂದ ಏಳಬೇಕು?

ನಾನು ಕೂಗಿ ಇಬ್ಬರನ್ನೂ ಕರೆದೆ. ಮರದಡಿ ಎಲ್ಲವನ್ನೂ ಬಾಯಿಬಿಟ್ಟು ಹೇಳಿದೆ. ಮೊದಲು ಮೂವರೂ ಜಗಳವಾಡಿದೆವು, ಯಾರ ಅಳತೆ ಸರಿ ಎಂದು. ಈಗ ನೆನೆದರೆ ನಾಚಿಕೆಯಾಗುತ್ತದೆ. ಜಗಳದ ನಡುವೆ ಸಾಹೇಬರು ತಟ್ಟನೆ ಮಾತು ನಿಲ್ಲಿಸಿದರು. ತಿರುಗಿ ನೋಡಿದರೆ, ಮದ್ದಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಕೊಂಡಪ್ಪ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಹಂಗಾದ್ರೆ ಗಾಡೀಲಿ ಏನೂ ಇರಲಿಲ್ಲ," ಎಂದ.

ಇರಲಿಲ್ಲ ಎಂದೆ. ಅವನು ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಜೇಬಿನಿಂದ ನೋಟ್‌ಬುಕ್ಕು ತೆಗೆದು, ಹಾಳೆ ತಿರುವಿ, ಅದರಲ್ಲಿ ಏನು ಓದಬೇಕೆಂದು ತಿಳಿಯದವನಂತೆ ಮತ್ತೆ ಜೇಬಿಗಿಟ್ಟ. ಸಾಹೇಬರ ಕಣ್ಣು ಒದ್ದೆಯಾಗಿತ್ತು. ಮಾಫ್ ಮಾಡಪ್ಪ ಎಂದು ಅವನ ಕೈ ಹಿಡಿಯಹೋದರು. ಕೊಂಡಪ್ಪ ಕೈಯನ್ನು ಹಿಂದಕ್ಕೆಳೆದುಕೊಂಡ, ಕೋಪದಿಂದಲ್ಲ, ಮುಟ್ಟಿದವರಿಗೆ ಏನಾದರೂ ಆದೀತು ಎನ್ನುವವನಂತೆ.

ನಾನು ನನ್ನ ಸ್ಕ್ರೂಡ್ರೈವರನ್ನು ಅವನ ಮುಂದೆ ಚಾಚಿ, ನೀನೇ ತಿರುಗಿಸು ಎಂದೆ. ಎಷ್ಟು ಸುತ್ತು ಎಂದು ಕೇಳಿದ. ಮೂವರೂ ಬಾಯಿ ತೆರೆದೆವು, ಮೂವರೂ ಮುಚ್ಚಿಕೊಂಡೆವು. ಅವನು ಮಂಡಿಯೂರಿ ಕೂತು, ಮಗುವಿನ ತೋಳು ಹಿಡಿಯುವಂತೆ ಎಡಗೈಯಿಂದ ಕಾರ್ಬುರೇಟರನ್ನು ಹಿಡಿದು, ಸ್ವಲ್ಪ ಸ್ವಲ್ಪವಾಗಿ ತಿರುಗಿಸಿದ. ಒದ್ದು ನೋಡಿದ. ಮತ್ತೆ ಕೂತು ತಿರುಗಿಸಿದ. ಮೂರನೆಯ ಒದೆತಕ್ಕೆ ಎಂಜಿನ್ನು ಹಿಡಿದು, ಒಂದೇ ಸಮನೆ ಓಡತೊಡಗಿತು.

ನಾವು ಖುಷಿಯಿಂದ ಅವನ ಬೆನ್ನು ತಟ್ಟಿದೆವು. ಅವನ ಮುಖ ಮಾತ್ರ ಬಿಚ್ಚಿಕೊಳ್ಳಲಿಲ್ಲ.

"ಗಾಡಿ ಸರಿಯಣ್ಣಾ," ಎಂದ ನನಗೊಬ್ಬನಿಗೇ ಕೇಳುವಂತೆ. "ಕೈ ಸರಿ ಐತೆ ಅಂತ ಹೆಂಗೆ ನಂಬ್ಲಿ?"

ನಾನು ಮುಂಗೋಪಿ, ನಿಧಾನವಾಗಿ ಯೋಚಿಸಿ ಮಾತಾಡುವುದು ನನಗೆ ಬರುವುದಿಲ್ಲ. ಕೋಟು ಕಳಚಿ ಅಂಗಿಯ ತೋಳು ಮಡಿಸಿ, ಮೊದಲು ನನಗೆ ಹಾಕು ಎಂದೆ. ನಿಮಗೆ ಚಿಕ್ಕಂದಿನಲ್ಲೇ ಆಗಿದೆ ಎಂದಿದ್ದಿರಲ್ಲ ಎಂದ. ಸುಳ್ಳು ಹೇಳಿದ್ದೆ, ನಮ್ಮಮ್ಮ ಕಣಜದಲ್ಲಿ ಬಚ್ಚಿಟ್ಟಿದ್ದಳು ಎಂದೆ. ಮೇಸ್ತ್ರಿ ನಕ್ಕುಬಿಟ್ಟ. ಕೊಂಡಪ್ಪ ನನ್ನ ತೋಳನ್ನು ಮೇಲಿಂದ ಕೆಳಗೆ ಸವರಿ ನೋಡಿದ. ಅದರಲ್ಲಿ ಒಂದು ಕಲೆಯೂ ಇಲ್ಲದ್ದು ಕಂಡು ಅವನಿಗೆ ವಿಷಯ ತಿಳಿಯಿತು. ಮೊದಲೇ ಹಾಕಿಸಿಕೊಂಡವನಿಗೆ ಏಳದೆಯೂ ಇರಬಹುದು, ಎಂದೂ ಹಾಕಿಸದವನ ಮೈ ಸುಳ್ಳು ಹೇಳುವುದಿಲ್ಲ. ಕೈ ಸರಿಯಿದ್ದರೆ ಎಂಟನೆಯ ದಿನ ಏಳಲೇಬೇಕು.

ಹುಣಸೆಮರದ ಬೇರಿನ ಮೇಲೆ ಕೂತೆ. ಕೊಳವೆ ಒಡೆದು ಮದ್ದು ಸವರಿದ.

"ಅಣ್ಣಾ, ನಿಮ್ಮನೆ ಕರುವಿನ ಹೆಸರೇನು?" ಎಂದು ಕೇಳಿದ.

ಕರುವೇ ಇಲ್ಲ, ಎಮ್ಮೆ ಇದೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮುಗಿದಿತ್ತು. ಅವನು ಪೆಟ್ಟಿಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕಟ್ಟಿ, ಗಾಡಿ ಹತ್ತಿ ಹೋದ. ಸದ್ದು ಮುಳಬಾಗಿಲಿನ ದಿಕ್ಕಿಗೆ ಕರಗುವವರೆಗೂ ನಾವು ಮೂವರೂ ಕೇಳುತ್ತ ನಿಂತಿದ್ದೆವು. ಎಲ್ಲೂ ನಿಲ್ಲಲಿಲ್ಲ.

ಆ ಎಂಟು ದಿನ ನಾನು ಮಿಲ್ಲಿನಲ್ಲಿ ಮಾಡಿದ ಕೆಲಸ ದೇವರಿಗೇ ಪ್ರೀತಿ. ಹಿಟ್ಟು ಬೀಸಲು ಬಂದವರ ಮುಂದೆಯೇ ತೋಳು ಬಿಚ್ಚಿ ನೋಡಿಕೊಳ್ಳುತ್ತಿದ್ದೆ. ಎರಡನೆಯ ದಿನ ಏನೂ ಇಲ್ಲ. ಮೂರನೆಯ ದಿನವೂ ಇಲ್ಲ. ನಾನು ದಾಕಿಗೆ ಹೆದರಿ ಬೆಳೆದವನು, ಈಗ ಗುಳ್ಳೆ ಏಳಲಿಲ್ಲವಲ್ಲ ಎಂದು ಹೆದರಿ ಊಟ ಬಿಟ್ಟೆ. ಕೆಂಪಗಾದರೆ ಸೊಳ್ಳೆ ಕಚ್ಚಿದ್ದೋ ದಾಕಿನದೋ ಎಂಬ ಅನುಮಾನ. ಐದನೆಯ ದಿನ ಎರಡು ಕಡೆ ಉಬ್ಬಿತು. ಏಳನೆಯ ದಿನ ಜ್ವರ ಬಂದು ತೋಳು ಸೋರೆಕಾಯಿಯಾಯಿತು. ಅಂಥ ಜ್ವರವನ್ನು ನಾನು ಅಷ್ಟು ಸಂತೋಷದಿಂದ ಎಂದೂ ಅನುಭವಿಸಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಜ್ವರದಲ್ಲೇ ಗಾಡಿ ಹತ್ತಿದೆ. ಕೋಲಾರದಲ್ಲಿ ಮೇಸ್ತ್ರಿ, ಆಫೀಸಿನಿಂದ ಕೊಂಡಪ್ಪನಿಗೆಂದು ಕಳಿಸಿದ ಹೊಸ ಮದ್ದನ್ನು ತಂಪು ಮಡಕೆಯಲ್ಲಿಟ್ಟು ಕಾಯುತ್ತಿದ್ದ. ಸಾಹೇಬರು ಮಡಕೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ನನ್ನ ಗಾಡಿಗೆ ಕಟ್ಟಿದರು. ಇಬ್ಬರೂ ನನ್ನ ಕಾರ್ಬುರೇಟರನ್ನು ನೋಡಿದರು, ಮುಟ್ಟಲಿಲ್ಲ. ಒಂಬತ್ತು ಗಂಟೆಗೆಲ್ಲ ಮುಳಬಾಗಿಲಿನಲ್ಲಿದ್ದೆ.

ಕೊಂಡಪ್ಪ ಹಳ್ಳಿಗೆ ಹೊರಡಲು ರುಮಾಲು ಸುತ್ತುತ್ತಿದ್ದ. ನಾನು ಏನೂ ಹೇಳದೆ ತೋಳು ಬಿಚ್ಚಿದೆ. ಅವನು ಬೆಳಕಿಗೆ ಕರೆದೊಯ್ದು, ಗುಳ್ಳೆಯ ಸುತ್ತ ಬೆರಳಿಟ್ಟು, ಬಹಳ ಹೊತ್ತು ನೋಡಿದ. ಎರಡೂ ಎದ್ದಿವೆ ಎಂದ. ಇನ್ನೊಮ್ಮೆ ನೋಡಿ ಮತ್ತೆ ಅದನ್ನೇ ಹೇಳಿದ. ಆಮೇಲೆ ಹಿತ್ತಿಲಿಗೆ ಹೋದ, ಸಾಬೂನು ಹಾಕಿ ಕೈ ತೊಳೆಯುವ ಸದ್ದು ಕೇಳಿಸಿತು. ಅಶ್ವತ್ಥಮ್ಮ ಯಾರೂ ಹೇಳದೆಯೇ ಮಗುವನ್ನು ತಂದು ನನ್ನ ತೊಡೆಯ ಮೇಲೆ ಕೂರಿಸಿದಳು. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಕೊಂಡಪ್ಪ ಮಗಳ ಎದುರಿಗೆ ಕೂತ. ಆ ಪುಟ್ಟ ತೋಳನ್ನು ಹಿಡಿದ. ಅಭ್ಯಾಸಬಲದಿಂದ ಕೇಳಿದ, "ಅಮ್ಮಣ್ಣೀ, ನಿಮ್ಮನೆ ಕರುವಿನ ಹೆಸರೇನು?"

ಆರು ತಿಂಗಳ ಕೂಸು ಏನು ಹೇಳೀತು? ಅವಳು ಅಪ್ಪನ ರುಮಾಲನ್ನು ನೋಡುತ್ತಿದ್ದಳು. ಅವನ ಕೈ ತಡೆದು ನಿಂತಿತ್ತು, ಉತ್ತರ ಬಾರದೆ ಮುಂದೆ ಹೋಗಲಾರೆ ಎನ್ನುವಂತೆ. ಗೌರಿ ಎಂದೆ ನಾನು, ಬಾಯಿಗೆ ಬಂದ ಹೆಸರು. ಕೈ ನಡೆಯಿತು. ಮಗು ಅತ್ತಿತು, ಜೊತೆಗೆ ನಾನೂ ಅತ್ತೆ. ಜ್ವರವಿತ್ತಲ್ಲ, ಅದರ ಮೇಲೆ ಹಾಕಿದೆ.

ಆವನಿ ಪಕ್ಕದ ಹಳ್ಳಿಯ ಮಕ್ಕಳಿಗೂ ಆ ಸಲ ಎದ್ದಿತು. ಸಿಡುಬು ಆ ಎರಡು ಮನೆ ದಾಟಲಿಲ್ಲ. ನಮ್ಮ ಮೂವರ ಪುಣ್ಯವೆನ್ನಬೇಕು. ಇಲ್ಲದಿದ್ದರೆ ನಾವು ಯಾವ ಮುಖ ಹೊತ್ತು ತಿರುಗುತ್ತಿದ್ದೆವೋ.

ಹತ್ತು ದಿನ ಕಳೆದ ಮೇಲೆ ನನಗೊಂದು ಕಾರ್ಡು ಬಂತು. ಅಂಥದೇ ಕಾರ್ಡು ಸಾಹೇಬರಿಗೂ ಮೇಸ್ತ್ರಿಗೂ ಹೋಗಿತ್ತೆಂದು ಆಮೇಲೆ ತಿಳಿಯಿತು. ಮಿಲ್ಲಿನಲ್ಲಿ ರಾಗಿ ಮೂಟೆಯ ಮೇಲೆ ಕೂತು ಓದಿದೆ. ಅಂದಿನಿಂದ ಅದು ನನ್ನ ಟ್ರಂಕಿನಲ್ಲಿದೆ. ಯುದ್ಧ ಬಂದು ಪೆಟ್ರೋಲು ಸಿಗದೆ ನಾಲ್ಕು ಗಾಡಿಗಳೂ ಮೂಲೆ ಸೇರಿದ ವರ್ಷಗಳಲ್ಲಿ ಅದನ್ನು ಎಷ್ಟು ಸಲ ತೆಗೆದು ನೋಡಿದ್ದೇನೋ ಲೆಕ್ಕವಿಲ್ಲ. ಕೊಂಡಪ್ಪನ ದುಂಡು ಅಕ್ಷರದಲ್ಲಿ ಇಷ್ಟೇ ಇದೆ.

"ಅನಸೂಯಾಗೆ ಎರಡೂ ಎದ್ದಿವೆ. ಬರುವ ಮಂಗಳವಾರ ಗಾಡಿಯನ್ನು ಹುಣಸೆಮರದಡಿ ನಿಲ್ಲಿಸಿರುತ್ತೇನೆ. ಚೈನು ಸಡಿಲವಾಗಿದೆ, ದಯವಿಟ್ಟು ನೋಡಿ ಹೋಗುವುದು."